ಗಾಮಾ ಪೈಲವಾನನ ಕಂಚಿನ ಮೂರ್ತಿ ಅಂತ 1,40,000 ಹೇಳ್ಯಾರ. ತಗೋಬೇಕೋ, ಬಿಡಬೇಕೋ?

ಬೆಟಗೇರಿ ಪಿ.ಟಿ. ಮಾಸ್ತರ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ ತಾಲೂಕಿನ ಒಂದು ಹೈಸ್ಕೂಲಿನ್ಯಾಗ ಪಿ.ಟಿ. ಮಾಸ್ತರ. ಮನಿ ಬೆಟಗೇರಿ. ಆಟಗಾರರ ಲೋಹದ ಮೂರ್ತಿ ಕೂಡಿಸಾಕ ಹತ್ತಿ ಆರು ವರ್ಷ ಆತು. ಈಗ ನನ್ನ ಹತ್ರ ನಾಕು ಅದಾವ: ಪುಣೆಯ ಹಳೇ ಸಾಮಾನಿನ ಸಂತ್ಯಾಗ ಸಿಕ್ಕ ಒಬ್ಬ ಹಾಕಿ ಆಟಗಾರ, ಒಬ್ಬ ಓಟಗಾರ, ಎರಡು ಕುಸ್ತಿ ಜೋಡಿ. ಯಾವುದಕ್ಕೂ ಎಂಟು ಸಾವಿರಕ್ಕಿಂತ ಹೆಚ್ಚು ಕೊಟ್ಟಿಲ್ಲ.

ಹೋದ ವಾರ ಒಂದು ಮದುವಿಗೆ ಅಂತ ಹುಬ್ಬಳ್ಳಿಗೆ ಹೋದಾಗ ಹಳೇ ಸಾಮಾನು ಮಾರೋ ಒಬ್ಬರ ಹತ್ರ ಒಂದು ಮೂರ್ತಿ ನೋಡಿದೆ. ನೋಡಿದಾಗಿಂದ ನಿದ್ದಿ ಬಂದಿಲ್ಲ. ಕಟ್ಟಿಗಿ ಪೀಠ ಬಿಟ್ಟು ಎತ್ತರ 14 ಇಂಚು. ಲಂಗೋಟ ಕಟ್ಟಿದ ಪೈಲವಾನ, ಬಲಹೆಗಲ ಮ್ಯಾಲ ಗದಾ, ಎಡಗೈ ಸೊಂಟದ ಮ್ಯಾಲ. ಮೈಬಣ್ಣ ಕಪ್ಪುಗೆಂಪು, ಸಂದಿಯೊಳಗ ಹಸರ. ಕಾಲ ಬುಡಕ್ಕ ಇಂಗ್ಲಿಷ್ ಅಕ್ಷರದಾಗ ಗಾಮಾ ಅಂತ ಬರದೈತಿ, ಅದರ ಕೆಳಗ 1910. ಮಾರೋರು ಹೇಳೋದು, ಹಿಂದಿನ ಕಾಲದ ಹೆಸರಾದ ಕುಸ್ತಿ ಪೈಲವಾನ ಗಾಮಾ ಲಂಡನ್ನಿಗೆ ಹೋಗಿ ಗೆದ್ದಾಗ ಅಲ್ಲೇ ಮಾಡಿಸಿದ ಅಸಲಿ ಕಂಚು ಅಂತ. 1,40,000 ಹೇಳ್ಯಾರ. ಐತವಾರದ ತನಕ ಟೈಮ್ ಕೊಟ್ಟಾರ, ಆಮ್ಯಾಲ ಬೆಂಗಳೂರಿನವರು ಬಂದು ಒಯ್ತಾರಂತ.

ನಮ್ಮ ಅಜ್ಜ ಕುಸ್ತಿ ಹಿಡೀತಿದ್ದ. ಅವನ ಗರಡಿಮನಿ ಗ್ವಾಡಿಗೆ ಎರಡು ಫೋಟೋ ಇದ್ದುವು, ಒಂದು ಹನುಮಪ್ಪಂದು, ಇನ್ನೊಂದು ಗಾಮಾಂದು. ಮಣ್ಣಿಗೆ ಇಳಿಯೋಕಿಂತ ಮೊದಲ ಎರಡಕ್ಕೂ ಕೈ ಮುಗೀತಿದ್ದ. ಅದಕ್ಕ ಈ ಮೂರ್ತಿ ನನಗ ಬರೇ ಸಾಮಾನು ಅಲ್ಲ. ಆದ್ರ ಜೂನ್‌ನ್ಯಾಗ ಮಗಳ ಕಾಲೇಜ್ ಫೀ ಕಟ್ಟೋದೈತಿ. ಇಷ್ಟು ರೊಕ್ಕ ಹಾಕಿ ಮೋಸ ಹೋದ್ರ ಮನಿಯವರಿಗೆ ಮುಖ ತೋರಿಸಾಕ ಆಗೂದಿಲ್ಲ. ಅಸಲಿ ಹೌದೋ ಅಲ್ಲೋ ಹೆಂಗ ತಿಳಿಯೋದು? ಬಲ್ಲವರು ಹೇಳ್ರಿ.

---

ಸಂತಿ ಸುತ್ತಾಟ

ಮಾಸ್ತರ್ರೇ, ಸರಳ ಐತಿ. ಅಯಸ್ಕಾಂತ ಹಿಡೀರಿ. ಹತ್ತಲಿಲ್ಲ ಅಂದ್ರ ಕಂಚು. ಆ ಹಸರ ಕಿಲುಬು ಐತೆಲ್ಲಾ, ಅದನ್ನ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿಬಿಡ್ರಿ, ಒಳಗಿನ ಬಣ್ಣ ಕಾಣ್ತೈತಿ. ನಮ್ಮ ಮನಿ ಹಳೇ ಕೊಡ ಹಿಂಗ ತಿಕ್ಕಿದ ಮ್ಯಾಲ ಬಂಗಾರಧಂಗ ಹೊಳೀತು.

---

ಎರಕದ ಕಾಕಾ, ಹುಬ್ಬಳ್ಳಿ

ಮಾಸ್ತರ್ರೇ, ಮ್ಯಾಲಿನವರು ಒಳ್ಳೆ ಮನಸ್ಸಿನಿಂದನ ಹೇಳ್ಯಾರ, ಆದ್ರ ಎರಡೂ ಮಾತು ತಪ್ಪು. ಹುಣಸಿಹಣ್ಣು ಮಾತ್ರ ಮುಟ್ಟಿಸಬ್ಯಾಡ್ರಿ. ಕೈ ಮುಗದು ಕೇಳ್ತೀನಿ.

ನಾನು ಹುಟ್ಟಿ ಬೆಳೆದದ್ದು ಕಂಚಗಾರ ಗಲ್ಲಿ. 31 ವರ್ಷ ಗೋಕುಲ ರೋಡ್ ಕಡೆ ಒಂದು ಫೌಂಡ್ರಿಯೊಳಗ ಪ್ಯಾಟರ್ನ್ ಕೆಲಸ ಮಾಡಿದೆ, ಅಂದ್ರ ಎರಕದ ಅಚ್ಚಿಗೆ ಬೇಕಾದ ಮಾದರಿ ಮಾಡೋದು, ಪಂಪಿನ ಬಾಡಿ, ಇಂಪೆಲ್ಲರ್ ಇಂಥವು. ಆಟಗಾರರ ಮೂರ್ತಿ ಕೂಡಿಸಾಕ ಹತ್ತಿ 26 ವರ್ಷ ಆತು, ಈಗ ಮನ್ಯಾಗ 11 ಅದಾವ. ಅದರಾಗ ಡಿಸ್ಕಸ್ ಒಗೆಯೋ ಹುಡುಗನದು ಒಂದಿತ್ತು, ಹಳೇ ಜೇನುತುಪ್ಪದ ಬಣ್ಣ, ಬೆನ್ನಿನ ಮ್ಯಾಲ ಕಪ್ಪಗ ಇಳಿದಿತ್ತು. ಒಂದು ದೀಪಾವಳಿಗೆ ನೀರು ತುಂಬೋ ದಿನ ನಮ್ಮವ್ವ ಹಂಡೆ, ಕೊಡ, ಸಮೆ ಜೋಡಿ ಅದನ್ನೂ ಹುಣಸಿಹಣ್ಣಿನ್ಯಾಗ ತೊಳದಳು. ಕಂಚಗಾರ ಮನಿ ಹೆಣ್ಮಗಳು, ಮಂಕಾದ ಲೋಹ ಕಂಡ್ರ ಅಕಿ ಕೈ ಸುಮ್ಮನ ಇರತಿರಲಿಲ್ಲ. ನಾನು ಹೇಳಿಟ್ಟಿರಲಿಲ್ಲ, ಅಕಿದೇನೂ ತಪ್ಪಿಲ್ಲ. ಆದ್ರ ಆ ಬಣ್ಣ ತಿರುಗಿ ಬರಲಿಲ್ಲ. ಶಿಲ್ಪಿ ಎರಕ ಆದ ಮ್ಯಾಲ ಲೋಹಕ್ಕ ಬೆಂಕಿ ಹಿಡಿದು, ರಾಸಾಯನಿಕ ಹಚ್ಚಿ ಹಚ್ಚಿ ಆ ಮೈಬಣ್ಣ ತರ್ತಾನ. ಪಟಿನಾ ಅಂತಾರ ಅದಕ್ಕ. ಮೂರ್ತಿಯ ಅರ್ಧ ಕೆಲಸ ಅದರಾಗ ಇರ್ತೈತಿ. ಕೊಡ ತಿಕ್ಕಿದಂಗ ಅದನ್ನ ತಿಕ್ಕಬಾರದು.

ಅಯಸ್ಕಾಂತದ ಮಾತು. ಕಂಚಿಗೆ ಹತ್ತೂದಿಲ್ಲ, ಖರೆ. ಆದ್ರ ಹಿತ್ತಾಳಿಗೂ ಹತ್ತೂದಿಲ್ಲ, ಸತುವಿಗೂ ಹತ್ತೂದಿಲ್ಲ, ಅಲ್ಯುಮಿನಿಯಂಗೂ ಇಲ್ಲ, ಕಂಚಿನ ಪುಡಿ ಕಲಸಿದ ರೆಸಿನ್ ಅನ್ನೋ ಪ್ಲಾಸ್ಟಿಕ್ಕಿಗೂ ಇಲ್ಲ. ಅದು ಕಬ್ಬಿಣ ಅಲ್ಲ ಅನ್ನೋದಷ್ಟ ಗೊತ್ತಾಗ್ತೈತಿ. ಹಳೇ ಕಾಲದಾಗ ಯುರೋಪಿನ್ಯಾಗ ಸತುವಿನ ಮಿಶ್ರಲೋಹದಾಗ ಎರಕ ಹೊಯ್ದು, ಮ್ಯಾಲ ಕಂಚಿನ ಬಣ್ಣ ಕೊಟ್ಟು ಅಗ್ಗಕ್ಕ ಮಾರಿದ ಮೂರ್ತಿ ರಾಶಿ ರಾಶಿ ಅದಾವ. ಸ್ಪೆಲ್ಟರ್ ಅಂತಾರ. ಮೋಸ ಹೋಗೋದು ಹೆಚ್ಚಾಗಿ ಅಲ್ಲೇ.

ನೀವು ಒಂದು ಕೆಲಸ ಮಾಡ್ರಿ. ಪೀಠದಿಂದ ಮೂರ್ತಿ ಬಿಚ್ಚಲಿಕ್ಕೆ ಮಾರೋರನ್ನ ಕೇಳ್ರಿ. ಒಪ್ಪಲಿಲ್ಲ ಅಂದ್ರ ಅಲ್ಲಿಂದನ ಎದ್ದು ಬರ್ರಿ. ಒಪ್ಪಿದ್ರ ಮೊದಲ ಮೂರ್ತಿ ತೂಕ ಮಾಡ್ರಿ. ಆಮ್ಯಾಲ ಕಿರಾಣಿ ಅಂಗಡಿಯ ಕರೆಂಟಿನ ತಕ್ಕಡಿ ಮ್ಯಾಲ ಅರ್ಧ ಬಕೀಟ ನೀರಿಟ್ಟು ಸೊನ್ನಿಗೆ ತರ್ರಿ. ಮೂರ್ತಿಗೆ ಗಟ್ಟಿ ದಾರ ಕಟ್ಟಿ ಮೇಲಿಂದ ಪೂರ್ತಿ ಮುಳುಗಿಸ್ರಿ, ತಳಕ್ಕ, ಬದಿಗೆ ತಾಗಬಾರದು. ಒಳಗ ಟೊಳ್ಳಿದ್ರ ಅಡ್ಡ ಮಾಡಿ ಗಾಳಿಗುಳ್ಳಿ ಹೊರಗ ಬಿಡ್ರಿ. ಆಗ ತಕ್ಕಡಿ ತೋರಿಸೋ ಗ್ರಾಂ ಎಷ್ಟೋ, ಮೂರ್ತಿಯ ಲೋಹ ಅಷ್ಟು ಮಿಲಿಲೀಟರ್ ಜಾಗ ಹಿಡಿದೈತಿ ಅಂತ ಅರ್ಥ. ತೂಕವನ್ನ ಅದರಿಂದ ಭಾಗಿಸ್ರಿ. ಎಂಟೂವರಿಯಿಂದ ಒಂಬತ್ತರೊಳಗ ಬಂದ್ರ ಕಂಚೋ ಹಿತ್ತಾಳಿನೋ ಇರಬೇಕು. ಏಳರ ಹತ್ರ ಬಂದ್ರ ಸತು. ಮೂರಕ್ಕಿಂತ ಕೆಳಗ ಬಂದ್ರ ಅಲ್ಯುಮಿನಿಯಂ, ಇಲ್ಲಾ ರೆಸಿನ್. ಒಳಗ ಮಣ್ಣು ಉಳಿದಿದ್ರ ಲೆಕ್ಕ ತಪ್ಪತೈತಿ, ಅದನ್ನ ಮೊದಲ ನೋಡಿಕೊಳ್ಳ್ರಿ. ಆದ ಮ್ಯಾಲ ಅರಿವಿಯಿಂದ ಒರಸಿ ಬಿಸಲಾಗ ಒಣಗಿಸ್ರಿ.

ಕಂಚು, ಹಿತ್ತಾಳಿ ನಡುವಿನ ಫರಕು ಈ ಲೆಕ್ಕದಾಗ ಗೊತ್ತಾಗೂದಿಲ್ಲ. ತಳದಾಗ, ಕಣ್ಣಿಗೆ ಬೀಳದ ಜಾಗಾದಾಗ ಸೂಜಿಯಿಂದ ಒಂದು ಗೆರಿ ಎಳೀರಿ. ಹಿತ್ತಾಳಿ ನಿಂಬಿಹಣ್ಣಿನ ಹಳದಿ. ಕಂಚು ಅದಕ್ಕಿಂತ ಕೆಂಪು ಕಡೆ ವಾಲ್ತೈತಿ. ಸತು ಬೆಳ್ಳಗ, ಬೂದಿ ಬಣ್ಣ. ಗಟ್ಟಿ ಉತ್ತರ ಬೇಕಂದ್ರ ಬಂಗಾರದ ಕ್ಯಾರೆಟ್ ನೋಡೋ ಮಷಿನ್ ಇದ್ದಲ್ಲಿ ಒಯ್ಯಿರಿ. ತಾಮ್ರ ಎಷ್ಟು, ತವರ ಎಷ್ಟು, ಸತು ಎಷ್ಟು ಅನ್ನೋದೂ ಅದರಾಗ ಕಾಣ್ತೈತಿ.

ನಮ್ಮ ಮನಿಯೊಳಗಿನ ಕಂಚಿನ ತಾಟು ಬ್ಯಾರೆ, ಮೂರ್ತಿಯ ಕಂಚು ಬ್ಯಾರೆ, ಇದನ್ನೂ ತಿಳ್ಕೊಳ್ಳ್ರಿ. ತಾಟಿನ ಕಂಚಿನ್ಯಾಗ ತವರ ನೂರಕ್ಕ ಇಪ್ಪತ್ತರ ಮ್ಯಾಲ. ಬಾರಿಸಿದ್ರ ಗಂಟಿಯಂಗ ದನಿ, ಬಿದ್ರ ಒಡೀತೈತಿ. ಮೂರ್ತಿ ಕಂಚಿನ್ಯಾಗ ತವರ ಕಡಿಮಿ. 85 ತಾಮ್ರ, ಐದೈದು ತವರ, ಸತು, ಸೀಸ ಅನ್ನೋ ಲೆಕ್ಕ ನಡೀತೈತಿ. ಈಗಿನ ಶಿಲ್ಪಿಗಳು ತವರನ ಬಿಟ್ಟು 95 ತಾಮ್ರಕ್ಕ ನಾಕರಷ್ಟು ಸಿಲಿಕಾನ್ ಹಾಕಿದ ಲೋಹ ಬಳಸೋದೂ ಬಾಳ.

ಈಗ ನಿಮ್ಮ ಗಾಮಾಗ ಬರೋಣು. ಕತಿನ ನನಗ ಒಪ್ಪಿಗಿ ಆಗವಲ್ದು. ಗಾಮಾ 1910ರಾಗ ಲಂಡನ್ನಿಗೆ ಹೋದದ್ದು ಖರೆ. ಎತ್ತರ ಸಾಲೂದಿಲ್ಲ ಅಂತ ಮೊದಲ ಅವನನ್ನ ಅಖಾಡಕ್ಕ ಸೇರಿಸಲಿಲ್ಲ. ಯಾರು ಬೇಕಾದ್ರೂ ಬರ್ರಿ ಅಂತ ಬಹಿರಂಗ ಸವಾಲು ಹಾಕಿ, ಅಮೆರಿಕದ ರೋಲರ್‌ನ್ನ ಕೆಡವಿ, ಸೆಪ್ಟೆಂಬರ್ 10ಕ್ಕ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಜೋಡಿ ಎರಡೂವರಿ ತಾಸಿಗಿಂತ ಹೆಚ್ಚು ಹಿಡಿದ. ಜಿಬಿಸ್ಕೊ ನೆಲ ಬಿಟ್ಟು ಏಳಲಿಲ್ಲ. ಮತ್ತೊಂದು ವಾರಕ್ಕ ಇಟ್ಟ ಕುಸ್ತಿಗೆ ಅಂವ ಬರಲೂ ಇಲ್ಲ. ಗಾಮಾಗ ಸಿಕ್ಕದ್ದು ಜಾನ್ ಬುಲ್ ಬೆಲ್ಟ್. ಬೆಲ್ಟ್, ಮಾಸ್ತರ್ರೇ. ಗದಾ ಅಲ್ಲ. ಬ್ರಿಟನ್ನಿನ ಯುವರಾಜ ಬೆಳ್ಳಿ ಗದಾ ಕೊಟ್ಟದ್ದು 1922ರಾಗ. ಲಂಡನ್ನಿನ ಗೆಲುವಿಗೆ ಲಂಡನ್ನಿನ ಶಿಲ್ಪಿ ಮೂರ್ತಿ ಮಾಡಿದ್ರ ಸೊಂಟಕ್ಕ ಬೆಲ್ಟ್ ಕಟ್ಟತಿದ್ದ, ಹೆಗಲಿಗೆ ಗದಾ ಕೊಡತಿರಲಿಲ್ಲ. ಗದಾ ಹಿಡಿಯೋದು ನಮ್ಮ ದೇಶದಾಗ ಮೊದಲಿಂದನೂ ಇದ್ದ ಪದ್ಧತಿ, ಅದಕ್ಕ ಇದೊಂದರಿಂದನ ಖೊಟ್ಟಿ ಅನ್ನಲಾರೆ. ಆದ್ರ ಅನುಮಾನ ಮಾಡಾಕ ಇದು ಸಾಕು.

ಆ ಅಕ್ಷರ ಭೂತಗನ್ನಡಿಯೊಳಗ ನೋಡ್ರಿ. ಮೇಣದ ಎರಕ ಅಂದ್ರ ಮೊದಲ ಮೇಣದಾಗ ಮೂರ್ತಿ ಮಾಡಿ, ಅದನ್ನ ಕರಗಿಸಿ ತೆಗೆದ ಜಾಗಕ್ಕ ಲೋಹ ಹೊಯ್ಯೋದು. ಅದರಾಗ ಹೆಸರು ಮೇಣದ ಮ್ಯಾಲನ ಬರೀತಾರ. ಅಂಚು ಮೆತ್ತಗ, ದುಂಡಗ ಇರ್ತಾವ. ಗೆರಿಯ ತಳದಾಗೂ ಮೈಬಣ್ಣನ ಇರ್ತೈತಿ. ಆಮ್ಯಾಲ ಉಳಿಯಿಂದ ಕಡಿದಿದ್ರ ಅಂಚು ಚೂಪು, ಗೆರಿಯೊಳಗ ಬಣ್ಣ ಬ್ಯಾರೆ. ಪೀಠ ಬಿಚ್ಚುವಾಗ ಸ್ಕ್ರೂ ನೋಡ್ರಿ. ತಲಿ ಮ್ಯಾಲ ಕೂಡಿಸೋ ಚಿಹ್ನಿಯಂಥ ತೂತಿದ್ರ ಅದು ಫಿಲಿಪ್ಸ್ ಸ್ಕ್ರೂ, 1930ರ ದಶಕದಾಗ ಬಂದದ್ದು. 1910ರ ಮೂರ್ತಿಗೆ ಅದು ಇರಾಕ ಸಾಧ್ಯ ಇಲ್ಲ. ಪೀಠ ಆಮ್ಯಾಲ ಬದಲಾಗಿರಬಹುದು, ಅದೂ ನೆನಪಿರಲಿ. ಹತ್ತಿಗೆ ಸ್ವಲ್ಪ ಥಿನ್ನರ್ ಹಚ್ಚಿ ತಳದ ಒಂದು ಮೂಲಿ ಒರಸ್ರಿ. ಹಸರ ಬಿಟ್ಟುಬಂದ್ರ ಅದು ಬಣ್ಣ, ಕಿಲುಬಲ್ಲ.

ಇನ್ನೊಂದು ಮಾತು ಮಾರೋರಿಗೆ ಕೇಳ್ರಿ. 1910ರದ್ದು ಅಂದ್ರ ನೂರು ವರ್ಷ ದಾಟಿತು. 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಲೋಹದ ಶಿಲ್ಪಕ್ಕ ನೋಂದಣಿ ಇರಬೇಕು, ಅಂಥಾದ್ದರ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಇರಬೇಕು. ನೋಂದಣಿ ಪತ್ರ ತೋರಿಸ್ರಿ ಅನ್ರಿ. ಪತ್ರ ಇಲ್ಲ ಅಂದ್ರ ಒಂದೋ ವರ್ಷ ಸುಳ್ಳು, ಇಲ್ಲಾ ವ್ಯಾಪಾರ ಕಾಯಿದೆಗೆ ಹೊರತು. ಎರಡರಾಗ ಯಾವುದಾದ್ರೂ ನೀವು 1,40,000 ಕೊಡಬಾರದು.

ಕಡಿಗೆ, ಮೂರ್ತಿಯ ಕಿವಿ ಹೆಂಗದಾವ? ಇದನ್ನ ನೀವು ಬರದಿಲ್ಲ. ಬರೀರಿ.

---

ಬೆಟಗೇರಿ ಪಿ.ಟಿ. ಮಾಸ್ತರ

ಕಾಕಾ, ನಿಮ್ಮ ಬರಹ ಎರಡು ಸಲ ಓದಿದೆ. ಕಿವಿ ಬಗ್ಗೆ ಯಾಕ ಕೇಳಿದ್ರಿ? ಫೋಟೋ ದೊಡ್ಡದು ಮಾಡಿ ನೋಡಿದೆ, ಎರಡೂ ಕಿವಿ ಉಬ್ಬಿ ಗಂಟು ಕಟ್ಟಿದಂಗ ಅದಾವ, ಎಡಗಿವಿ ಹೆಚ್ಚು. ನಮ್ಮ ಅಜ್ಜಂದೂ ಹಂಗ ಇತ್ತು. ಎರಕ ಕೆಟ್ಟು ಹಂಗಾಗೈತಿ ಅಂತ ಮಾರೋರು ಅಂದ್ರು, ಅದಕ್ಕ ಐದು ಸಾವಿರ ಕಡಿಮಿ ಮಾಡ್ತೀನಿ ಅಂದಾರ.

---

ಎರಕದ ಕಾಕಾ, ಹುಬ್ಬಳ್ಳಿ

ಅದು ಎರಕದ ದೋಷ ಅಲ್ಲ! ಈಗ ನನಗ ಮೂರ್ತಿ ಮ್ಯಾಲ ಪ್ರೀತಿ ಬಂತು.

ಕುಸ್ತಿಯೊಳಗ ತಲಿ ತಿಕ್ಕಿ ತಿಕ್ಕಿ ಕಿವಿಯೊಳಗ ರಕ್ತ ಕಟ್ಟಿ ಗಂಟಾಗ್ತೈತಿ. ಅಲಂಕಾರಕ್ಕ ಪೈಲವಾನನ ಮಾಡೋರು ಕಿವಿ ಹೂವಿನಂಗ ಮಾಡ್ತಾರ. ಗರಡಿಯೊಳಗ ಕುಂತು ನೋಡಿದವನ ಕೈ ಇದ್ರನ ಗಂಟುಗಿವಿ ಬರ್ತೈತಿ. ರೋಮಿನ್ಯಾಗ 1885ರಾಗ ನೆಲದೊಳಗ ಒಂದು ಕಂಚಿನ ಮೂರ್ತಿ ಸಿಕ್ಕಿತು, ಕುಸ್ತಿಯವ ಅಲ್ಲ, ಮುಷ್ಟಿಕಾಳಗದವ. ಎರಡು ಸಾವಿರ ವರ್ಷದ ಹಳೇದು. ಕಾಳಗ ಮುಗಿಸಿ ಕುಂತಾನ, ಕೈಗೆ ಚರ್ಮದ ಪಟ್ಟಿ, ಮೂಗು ಮುರಿದೈತಿ, ಕಿವಿ ಉಬ್ಯಾವ. ಗಾಯ ಇದ್ದಲ್ಲಿ, ತುಟಿ ಇದ್ದಲ್ಲಿ ಆ ಶಿಲ್ಪಿ ಕೆಂಪು ತಾಮ್ರ ಕೂಡಿಸ್ಯಾನ. ತೊಡಿ ಮ್ಯಾಲ ಬಿದ್ದ ರಕ್ತದ ಹನಿನೂ ತಾಮ್ರದ್ದು. ಯಾವ ಅರಸಂದು ಅಲ್ಲ, ಗೆದ್ದವಂದೋ ಸೋತವಂದೋ ಅದೂ ಗೊತ್ತಿಲ್ಲ. ನಾನು ಫೋಟೋದಾಗ ಅಷ್ಟ ನೋಡೀನಿ. ನೋಡಿದಾಗೊಮ್ಮೆ ಎದಿ ತುಂಬತೈತಿ.

ಅಪರೂಪ ಅನ್ನೋ ಮಾತಿನ ಮ್ಯಾಲೂ ಸ್ವಲ್ಪ ಹೇಳ್ತೀನಿ, ನಿಮ್ಮಂಥ ಹೊಸಬರಿಗೆ ಬೇಕಾಗ್ತೈತಿ. ಕಲ್ಲಿನ ಮೂರ್ತಿ ಒಂದ ಇರ್ತೈತಿ, ಕಂಚಿನದು ಹಂಗಲ್ಲ. ಒಂದು ಅಚ್ಚಿನಿಂದ ನಾಕು, ಎಂಟು, ಹನ್ನೆರಡು ಎರಕ ಬರಬಹುದು, ಎಲ್ಲಾವೂ ಅಸಲಿನ. ಫಿನ್ಲೆಂಡಿನ ಓಟಗಾರ ಪಾವೋ ನೂರ್ಮಿ ಒಂಬತ್ತು ಒಲಿಂಪಿಕ್ ಬಂಗಾರ ಗೆದ್ದವ. ವೈನೋ ಆಲ್ಟೋನನ್ ಅನ್ನೋ ಶಿಲ್ಪಿ 1925ರಾಗ ಅವನ ಓಟದ ಕಂಚಿನ ಮೂರ್ತಿ ಮಾಡಿದ. ಅದರ ಎರಕ ಹೆಲ್ಸಿಂಕಿ ಒಲಿಂಪಿಕ್ ಮೈದಾನದ ಮುಂದೂ ಐತಿ, ಅವನ ಊರು ಟುರ್ಕುದಾಗೂ ಐತಿ, ಸ್ವಿಟ್ಜರ್ಲೆಂಡಿನ ಲೂಸಾನ್ ಒಲಿಂಪಿಕ್ ಮ್ಯೂಸಿಯಂನ್ಯಾಗೂ ಐತಿ. ಅದೇ ಹೆಲ್ಸಿಂಕಿಯೊಳಗ 1952ರಾಗ ನಮ್ಮ ಖಾಶಾಬಾ ಜಾಧವ ಕುಸ್ತಿಯೊಳಗ ಕಂಚು ತಂದದ್ದು, ಸ್ವತಂತ್ರ ಭಾರತಕ್ಕ ತಂಡ ಅಲ್ಲದ ಒಬ್ಬ ಆಟಗಾರ ಗೆದ್ದ ಮೊದಲ ಒಲಿಂಪಿಕ್ ಪದಕ. ಫ್ರಾನ್ಸಿನ ಪದ್ಧತಿಯೊಳಗ ನಂಬರ್ ಹಾಕಿದ ಎಂಟು, ಶಿಲ್ಪಿಯ ಕೈಯಾಗಿನ ನಾಕು, ಒಟ್ಟು ಹನ್ನೆರಡು ಎರಕದ ತನಕ ಅಸಲು ಅಂತಾರ. ಅದಕ್ಕ ತಳದಾಗ ಎಷ್ಟನೇದು, ಎಷ್ಟರಾಗ ಅನ್ನೋ ನಂಬರ್, ಶಿಲ್ಪಿಯ ಸಹಿ, ಫೌಂಡ್ರಿ ಗುರುತು ನೋಡೋದು.

ಖೊಟ್ಟಿ ಮಾಡೋರು ಅಸಲಿ ಮೂರ್ತಿ ಮ್ಯಾಲನ ಅಚ್ಚು ತಗೊಂಡು ಮತ್ತ ಎರಕ ಹೊಯ್ತಾರ. ಇದನ್ನ ಹಿಡಿಯೋದು ನನ್ನ ಹಳೇ ಕೆಲಸಕ್ಕ ಸೇರಿದ ವಿದ್ಯಾ. ಕಾದ ಲೋಹ ಆರಿದಾಗ ಕುಗ್ಗತೈತಿ. ನಮ್ಮ ಪ್ಯಾಟರ್ನ್ ಸ್ಕೇಲಿನ್ಯಾಗ ಬೀಡು ಅಂದ್ರ ಎರಕದ ಕಬ್ಬಿಣಕ್ಕ ಫೂಟಿಗೆ ಅರ್ಧಪಾವು (ಎಂಟನೇ ಒಂದು) ಇಂಚು ಹೆಚ್ಚು ಹಿಡೀತಿದ್ವಿ, ಕಂಚು, ಹಿತ್ತಾಳಿಗೆ ಅದರ ಒಂದೂವರಿ ಪಟ್ಟು. ಅಂದ್ರ 14 ಇಂಚಿನ ಮೂರ್ತಿಯ ನಕಲು ಸುಮಾರು ಕಾಲಿಂಚು ಗಿಡ್ಡಾಗ್ತೈತಿ, ಬೆರಳು, ಮೂಗು, ಕೂದಲದ ಗೆರಿ ಎಲ್ಲಾ ಮಸುಕಾಗ್ತಾವ. ಹೆಸರಾದ ಶಿಲ್ಪಿಯ ಮೂರ್ತಿ ಅಂದ್ರ ಮ್ಯೂಸಿಯಂನ್ಯಾಗ ಬರೆದಿಟ್ಟ ಅಳತಿ ಇರ್ತೈತಿ, ಟೇಪ್ ಹಿಡಿದು ಅದಕ್ಕ ಹೋಲಿಸ್ರಿ.

ನಿಮ್ಮದಕ್ಕ ಹಿಂಗ ಹೋಲಿಸಾಕ ಏನೂ ಇಲ್ಲ. ಹೋಗಿ ಲೋಹ ನೋಡ್ರಿ. ಗಾಮಾ ಹೌದೋ ಅಲ್ಲೋ ಅನ್ನೋದನ್ನ ತಲಿಯಿಂದ ತೆಗೀರಿ. ಹೆಸರಿಲ್ಲದ ಒಬ್ಬ ಪೈಲವಾನನ ಮೂರ್ತಿ ಅಂತ ತಿಳಿದು ಎಷ್ಟು ಕೊಡಾಕ ಮನಸ್ಸು ಬರ್ತೈತಿ, ಅಷ್ಟ ಕೊಡ್ರಿ.

---

ಗದಗ ಎಡಗೈ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕ್ರಿಕೆಟ್ ಅಭಿಮಾನಿ. ಮೆಲ್ಬರ್ನ್ ಮೈದಾನದ ಹೊರಗೆ ಬ್ರಾಡ್ಮನ್, ಲಿಲ್ಲಿ, ಶೇನ್ ವಾರ್ನ್ ಎಲ್ಲರೂ ಕಂಚಿನಲ್ಲಿ ನಿಂತಿದ್ದಾರೆ, ಲೂಯಿಸ್ ಲಾಮೆನ್ ಎಂಬ ಶಿಲ್ಪಿಯ ಕೆಲಸ. ನಮ್ಮ ಗದಗಿನ ಸುನೀಲ್ ಜೋಶಿ 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ ಹತ್ತು ಓವರ್, ಆರು ಮೇಡನ್, ಆರು ರನ್ನಿಗೆ ಐದು ವಿಕೆಟ್ ತೆಗೆದರು. ಆ ದಿನ ಸ್ಕೋರು ಓದಿ ನಾವು ಹುಡುಗರೆಲ್ಲ ಪೇಪರು ಕಸಿದಾಡಿದ್ದೆವು. ಆ ಎಡಗೈ ತಿರುವಿನ ಒಂದು ಅಡಿ ಎತ್ತರದ ಮೂರ್ತಿ ಯಾರಾದರೂ ಮಾಡಿಸಿದರೆ ನನ್ನದೊಂದು ಪಾಲು ಇರಲಿ. ಹಳೆಯದನ್ನೇ ಯಾಕೆ ಹುಡುಕಬೇಕು?

---

ಹಾವೇರಿ ಪೈಲವಾನರ ಮಗಳು

ಗದಗಿನ ಅಣ್ಣನವರ ಮಾತು ಓದಿ ಬರೆಯುವ ಮನಸ್ಸಾಯಿತು. ಹೊಸದು ಮಾಡಿಸಬೇಕು ಅನ್ನುವವರಿಗೆ ನಮ್ಮ ಅನುಭವ ಉಪಯೋಗ ಆಗಬಹುದು.

ನಮ್ಮಪ್ಪ ಹಾವೇರಿ ಸುತ್ತಿನ ಜಾತ್ರೆಗಳಲ್ಲಿ ಇಪ್ಪತ್ತು ವರ್ಷ ಕುಸ್ತಿ ಹಿಡಿದವರು. ಅವರು ತೀರಿಕೊಂಡ ಮೂರನೇ ವರ್ಷ ನಾವು ಅಕ್ಕ ತಂಗಿಯರು ಕೂಡಿ ಎದೆಮಟ್ಟದ ಕಂಚಿನ ಮೂರ್ತಿ ಮಾಡಿಸಿದೆವು. ಮೊದಲು ಎಲ್ಲರೂ ಸಿಮೆಂಟಿನಲ್ಲಿ ಮಾಡಿಸಿರಿ, ಫೈಬರಿನಲ್ಲಿ ಮಾಡಿಸಿರಿ ಅಂದರು. ಸಿಮೆಂಟಿನ ಕೆಲಸ ಕೀಳು ಅಂತ ನಾನು ಹೇಳುವುದಿಲ್ಲ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಸೊಲಬಕ್ಕನವರ ಕಟ್ಟಿದ ರಾಕ್ ಗಾರ್ಡನ್‌ಗೆ ಹೋದರೆ ಹಳ್ಳಿ ಬದುಕೇ ಎದ್ದು ನಿಂತಂತೆ ಇದೆ, ಎಮ್ಮೆ ನೋಡಿ ನನ್ನ ಮಗ ಹುಲ್ಲು ತಂದಿದ್ದ. ಆದರೆ ಅಪ್ಪನ ಮೂರ್ತಿ ಕೈಯಿಂದ ಕೈಗೆ, ಮನೆಯಿಂದ ಮನೆಗೆ ಹೋಗಬೇಕಿತ್ತು. ಅದಕ್ಕೆ ಕಂಚು.

ಐದು ತಿಂಗಳು ಹಿಡಿಯಿತು. ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ಮಾಡಿದರು. ಅದರ ಮೇಲೆ ರಬ್ಬರ್, ಪ್ಲಾಸ್ಟರ್ ಹಾಕಿ ಅಚ್ಚು ತೆಗೆದರು. ಅಚ್ಚಿನೊಳಗೆ ಮೇಣ ಸವರಿ ಟೊಳ್ಳು ಮೇಣದ ಮೂರ್ತಿ ಮಾಡಿದರು, ಗೋಡೆ ನಮ್ಮ ಕಿರುಬೆರಳಿನ ಅರ್ಧದಷ್ಟು ದಪ್ಪ. ಲೋಹ ಒಳಗೆ ಹರಿಯಲು, ಗಾಳಿ ಹೊರಗೆ ಹೋಗಲು ಮೇಣದ ಕೊಳವೆ ಅಂಟಿಸಿ, ಹೊರಗೆ ಬೆಂಕಿ ತಾಳುವ ಹೊದಿಕೆ ಕೊಟ್ಟು, ಮೇಣ ಕರಗಿಸಿ ಬಸಿದು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ದರು. ಹೊಯ್ಯುವ ದಿನ ನಮ್ಮನ್ನು ಕರೆದಿದ್ದರು. ತಾಮ್ರ ಕರಗಲು ಸಾವಿರದ ಎಂಬತ್ತು ಡಿಗ್ರಿ ಮೇಲೆ ಬೇಕು, ತವರ ಸೇರಿದರೆ ಸ್ವಲ್ಪ ಕಡಿಮೆಗೆ ಕರಗುತ್ತದೆ ಅಂತ ಅವರು ಹೇಳುತ್ತಿದ್ದರು. ನನಗೆ ಕೇಳಿಸುತ್ತಿರಲಿಲ್ಲ, ಆ ಕೆಂಪು ಧಾರೆ ನೋಡುತ್ತ ನಿಂತಿದ್ದೆ. ಅವ್ವ ಕುಂಕುಮ ಹಾಕಿ ಕೈ ಮುಗಿದಳು. ತೂಕ 16 ಕೆಜಿ. ಒಟ್ಟು ಖರ್ಚು 2,10,000 ಬಂತು, ಇದು ನಾಲ್ಕು ವರ್ಷದ ಹಿಂದಿನ ಮಾತು.

ಕಿವಿಯ ವಿಷಯ ಓದಿ ನೆನಪಾಯಿತು. ಮಣ್ಣಿನ ಹಂತದಲ್ಲಿ ಶಿಲ್ಪಿ ಅಪ್ಪನ ಕಿವಿಗಳನ್ನು ಚೆಂದ ಮಾಡಿಬಿಟ್ಟಿದ್ದರು. ಅಪ್ಪನ ಹಾಗೆ ಕಾಣಲೇ ಇಲ್ಲ. ಅಕ್ಕ ಹಳೆಯ ಫೋಟೋ ಒಯ್ದು, ಈ ಕಿವಿ ಬೇಕು, ಇದು ನಮ್ಮಪ್ಪ ದುಡಿದು ಪಡೆದದ್ದು ಅಂತ ಹೇಳಿ ಕೂತು ಮಾಡಿಸಿದಳು. ಮಣ್ಣಿನಲ್ಲಿರುವಾಗಲೇ ಹೋಗಿ ನೋಡಿರಿ. ಮೇಣಕ್ಕೆ ಬಂದ ಮೇಲೆ ಸಣ್ಣಪುಟ್ಟದ್ದಷ್ಟೇ ತಿದ್ದಬಹುದು, ಲೋಹಕ್ಕೆ ಬಂದ ಮೇಲೆ ಅರ, ಉಳಿ ಹಿಡಿಯಬೇಕು.

ಕಾಕಾ ಅವರಿಗೆ ಒಂದು ಪ್ರಶ್ನೆ. ಈ ಮಳೆಗಾಲದಲ್ಲಿ ಅಪ್ಪನ ಭುಜದ ಹತ್ತಿರ ತಿಳಿಹಸಿರು ಪುಡಿ ಕಾಣಿಸಿತು. ಒರೆಸಿದರೆ ಹೋಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಏನು ಮಾಡಲಿ?

---

ಎರಕದ ಕಾಕಾ, ಹುಬ್ಬಳ್ಳಿ

ತಂಗಿ, ಅದನ್ನ ತಡ ಮಾಡಬ್ಯಾಡವಾ. ಗಟ್ಟಿಯಾಗಿ ಮೈಗೆ ಹತ್ತಿದ ಹಸರಿಗೆ ಅಂಜಬೇಕಾಗಿಲ್ಲ, ಅದು ಲೋಹಕ್ಕ ಹೊದಿಕಿಯಂಗ. ಆದ್ರ ತಿಳಿಹಸರ ಪುಡಿ, ಒರಸಿದ್ರ ಉದುರೋದು, ಮತ್ತ ಬರೋದು, ಅದು ಕಂಚಿನ ರೋಗ. ಉಪ್ಪಿನ ಅಂಶ ಲೋಹದೊಳಗ ಸೇರಿ, ಹಸಿ ಹವಾದಾಗ ಒಳಗಿಂದ ತಿಂತೈತಿ. ಕರಾವಳಿ ಕಡಿಂದ ತಂದ ಒಬ್ಬ ಫುಟ್ಬಾಲ್ ಆಟಗಾರನ ಮೊಣಕಾಲು ನಾನು ಹಂಗ ಕಳಕೊಂಡೀನಿ, ಎರಡು ಮಳಿಗಾಲದಾಗ ಕುಣಿ ಬಿದ್ದುವು. ನಿಮ್ಮನ್ಯಾಗ ಮೂರ್ತಿಗೆ ಪೂಜಾ ಮಾಡ್ತೀರೇನು? ಕುಂಕುಮ, ಹೂವಿನ ನೀರು, ಬೆವರಗೈ, ಇವೆಲ್ಲಾ ಭುಜಕ್ಕ ಬೀಳ್ತಾವ. ಮಾಲಿ ಮೂರ್ತಿಗೆ ಹಾಕಬ್ಯಾಡ್ರಿ, ಪೀಠದ ಮುಂದ ಇಡ್ರಿ. ಬ್ಯಾಟರಿಗೆ ಹಾಕೋ ಶುದ್ಧ ನೀರಿನ್ಯಾಗ ಮೆತ್ತನ ಬ್ರಷ್ ಅದ್ದಿ ಆ ಪುಡಿ ತೆಗೆದು, ಪೂರ್ತಿ ಒಣಗಿಸಿ, ಮಾಡಿದ ಶಿಲ್ಪಿಗೆ ತೋರಿಸ್ರಿ. ಅವರು ಔಷಧ ಹಚ್ಚಿ ಮ್ಯಾಲ ಮೇಣ ಕೊಡ್ತಾರ. ಆಮ್ಯಾಲ ವರ್ಷಕ್ಕೊಮ್ಮೆ, ಮಳಿಗಾಲಕ್ಕಿಂತ ಮೊದಲ ತೆಳ್ಳಗ ಮೇಣ ಹಚ್ಚಿದ್ರ ಸಾಕು.

---

ಬೆಟಗೇರಿ ಪಿ.ಟಿ. ಮಾಸ್ತರ

ಎಲ್ಲಾರಿಗೂ ಲೆಕ್ಕ ಒಪ್ಪಿಸಾಕ ಬಂದೀನ್ರಿ.

ಶನಿವಾರ ಮುಂಜಾನೆ ರೈಲಿಗೆ ಹುಬ್ಬಳ್ಳಿಗೆ ಹೋದೆ. ಮಾರೋರು ಮೊದಲ ಪೀಠ ಬಿಚ್ಚಾಕ ಒಲ್ಲೆ ಅಂದ್ರು. ನೋಂದಣಿ ಪತ್ರದ ಮಾತು ತೆಗೆದ ಮ್ಯಾಲ ಸುಮ್ಮನ ಬಿಚ್ಚಿಕೊಟ್ರು. ನಾಕು ಸ್ಕ್ರೂ, ನಾಕೂ ಫಿಲಿಪ್ಸ್. ತೂಕ 4 ಕೆಜಿ 680 ಗ್ರಾಂ. ಬಾಜೂದ ಕಿರಾಣಿ ಅಂಗಡಿಯವರು ತಕ್ಕಡಿ, ಬಕೀಟ ಎರಡೂ ಕೊಟ್ರು, ಅಂಗಡಿಗೆ ಬಂದ ಮಂದಿನೂ ನಿಂತು ನೋಡಿದ್ರು. ನೀರಿನ್ಯಾಗ ಮುಳುಗಿಸಿದಾಗ 550 ತೋರಿಸ್ತು. ಭಾಗಿಸಿದ್ರ 8.5. ಸೂಜಿ ಗೆರಿ ಹಳದಿ ಬಂತು. ಗುರುತಿನ ಅಕ್ಕಸಾಲಿಗರ ಹತ್ರ ಮಷಿನ್‌ನ್ಯಾಗ ಇಟ್ವಿ: ತಾಮ್ರ 66, ಸತು 31, ಉಳಿದದ್ದು ಸೀಸ, ತವರ ಹೆಸರಿಗಷ್ಟ. ಅಂದ್ರ ಹಿತ್ತಾಳಿ. ಗಾಮಾ ಅನ್ನೋ ಅಕ್ಷರ ಉಳಿಯಿಂದ ಕಡಿದದ್ದು, ಗೆರಿಯೊಳಗ ಕಪ್ಪು ಬಣ್ಣ ತುಂಬ್ಯಾರ, ಥಿನ್ನರ್‌ಗೆ ಎದ್ದು ಬಂತು. ಸಂದಿಯೊಳಗಿನ ಹಸರದಾಗೂ ಅರ್ಧ ಬಣ್ಣನ. ಆದ್ರ ಮೈ ಮ್ಯಾಲಿನ ಕಪ್ಪುಗೆಂಪು ಎಷ್ಟು ಒರಸಿದ್ರೂ ಬರಲಿಲ್ಲ.

ಲಂಡನ್ನಿಂದು ಅಲ್ಲ, 1910ರದ್ದಲ್ಲ, ಕಂಚಲ್ಲ. ಮನಸ್ಸಿಗೆ ನೋವಾತು, ಸುಳ್ಳು ಹೇಳೂದಿಲ್ಲ. ಬಿಟ್ಟು ಬರಬೇಕಂತ ಎದ್ದೆ. ಆಗ ಕಾಕಾ ಕೇಳಿದ ಪ್ರಶ್ನೆ ನೆನಪಾತು, ಹೆಸರಿಲ್ಲದ ಪೈಲವಾನಗ ಎಷ್ಟು ಕೊಡ್ತಿ ಅಂತ. ಮತ್ತೊಮ್ಮೆ ತಿರುಗಿಸಿ ತಿರುಗಿಸಿ ನೋಡಿದೆ. ಲಂಗೋಟದ ಗಂಟು ಬಲಕ್ಕ ಸರದೈತಿ. ಎಡಗಾಲಿನ ಹೆಬ್ಬೆರಳು ನೆಲಕ್ಕ ಒತ್ತಿ ಹಿಡಿದೈತಿ, ಮಣ್ಣಾಗ ನಿಂತವರು ಹಿಡಿಯೋಹಂಗ. ಹೊಟ್ಟಿ ಸ್ವಲ್ಪ ಮುಂದ ಬಂದೈತಿ, ಹಾಲು ಬದಾಮಿ ಉಂಡ ಹೊಟ್ಟಿ. ಇದನ್ನ ಮಾಡಿದವನಿಗೆ ಗರಡಿ ಗೊತ್ತಿತ್ತು. 15,000 ಅಂದೆ. ಎರಡು ತಾಸು ಮಾತಾಡಿ 18,000ಕ್ಕ ಕೊಟ್ರು. ಬರೇ ಹಿತ್ತಾಳಿ ಮೂರ್ತಿ ಅಂತ ಚೀಟಿ ಬರಸಿಕೊಂಡೆ.

ಮನಿಗೆ ತಂದು ಬ್ಯಾಟರಿ ಹಾಕಿ ಟೊಳ್ಳಿನೊಳಗ ನೋಡಿದಾಗ ಎಡತೊಡಿಯ ಒಳಮೈ ಮ್ಯಾಲ ಒಂದು ಬೆರಳಿನ ಗುರುತು ಕಾಣ್ತು. ಗೆರಿ ಗೆರಿ ಸಮೇತ ಲೋಹದಾಗ ಮೂಡೈತಿ. ಕಾಕಾ, ಇದೇನು? ಮತ್ತ ಆ ಖೊಟ್ಟಿ ಹೆಸರು ಅರ ಹಾಕಿ ತೆಗೆಸಲೇನು?

---

ಎರಕದ ಕಾಕಾ, ಹುಬ್ಬಳ್ಳಿ

ಬ್ಯಾಡ್ರಿ, ತೆಗೆಸಬ್ಯಾಡ್ರಿ. ಅರ ಹಾಕಿದ್ರ ಸುತ್ತಲಿನ ಮೈಬಣ್ಣನೂ ಹೋಗ್ತೈತಿ. ಚೀಟಿಯೊಳಗ ಬರೆದಿಡ್ರಿ, ಹೆಸರು ಆಮ್ಯಾಲ ಕಡಿದದ್ದು ಅಂತ. ನಿಮ್ಮ ಮಗಳು ನಾಳೆ ಯಾರಿಗರ ಕೊಟ್ರ ಅವರಿಗೂ ಗೊತ್ತಿರಲಿ.

ಆ ಗುರುತು ಮೇಣ ಒತ್ತಿದವರದು. ಬಿಸಿ ಮೇಣವನ್ನ ಅಚ್ಚಿನೊಳಗ ಹೆಬ್ಬೆರಳಿಂದ ಒತ್ತಿ ಕೂಡ್ರಸ್ತಾರ. ಆ ಬೆರಳು ಮೇಣದಾಗ ಉಳೀತೈತಿ, ಮೇಣ ಹೋದ ಜಾಗಕ್ಕ ಲೋಹ ಬರ್ತೈತಿ. ಹೊರಗಿಂದನ್ನ ತಿಕ್ಕಿ ತೆಗೀತಾರ, ಒಳಗಿಂದನ್ನ ಯಾರೂ ನೋಡೂದಿಲ್ಲ. ಅಂದ್ರ ನಿಮ್ಮದು ಹಿತ್ತಾಳಿ ಆದ್ರೂ ಮಣ್ಣಚ್ಚಿನ್ಯಾಗ ಸಾಲಾಗಿ ತೆಗೆದ ಮಾಲಲ್ಲ, ಮೇಣದ ಎರಕ. ನಮ್ಮ ಓಣ್ಯಾಗ ನಾನು ಸಣ್ಣವಿದ್ದಾಗ ಮೇಣ ಒತ್ತೋ ಕೆಲಸ ಹೆಚ್ಚಾಗಿ ಹೆಣ್ಮಕ್ಕಳು ಮಾಡ್ತಿದ್ರು. ನಮ್ಮವ್ವನೂ ಒತ್ಯಾಳ.

ಗುರುತು ಎಷ್ಟು ದೊಡ್ಡದೈತಿ ಅಳೀರಿ. ಬ್ಯಾಟರಿ ಎದುರಿಗೆ ಹಿಡೀಬ್ಯಾಡ್ರಿ, ಒಂದು ಬಾಜೂದಿಂದ ಅಡ್ಡ ಬೆಳಕು ಬರಂಗ ಹಿಡಿದು ಫೋಟೋ ತೆಗೆದು ಇಲ್ಲಿ ಹಾಕ್ರಿ. ಬಲತೊಡಿಯೊಳಗೂ ನೋಡ್ರಿ, ಎರಡೂ ಕೈ ಹಚ್ಚಿ ಒತ್ತಿದ್ರ ಅಲ್ಲೂ ಒಂದು ಇರಬೇಕು.